ಕಂಪ್ರೆಸರ್ ಕೊಳ್ಳುವ ಮುನ್ನ ಗಡಿಯಾರ ನೋಡಿ

ಕಂಪ್ರೆಸರ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬರುವುದು ಫ್ರಿಜ್ಜಿನ ಬೆನ್ನಿಗಿರುವ ಕರಿಗುಂಡು, ಇಲ್ಲವೇ ಪಂಕ್ಚರ್ ಅಂಗಡಿಯಲ್ಲಿ ಗಡಗಡ ಎನ್ನುವ ಗಾಳಿಯಂತ್ರ. ಸಂಗೀತಗಾರರ ಕಂಪ್ರೆಸರ್ ಬೇರೆಯದೇ ವಸ್ತು. ಅದು ಕುಗ್ಗಿಸುವುದು ಗಟ್ಟಿ ದನಿಗೂ ಮೆತ್ತನೆ ದನಿಗೂ ನಡುವಿನ ಅಂತರವನ್ನು. ಕಛೇರಿಯಲ್ಲಿ ಪಳಗಿದ ಗಾಯಕರನ್ನು ಗಮನಿಸಿದವರಿಗೆ ಇದು ಹೊಸದಲ್ಲ: ತಾರಸ್ಥಾಯಿಗೆ ಏರುವಾಗ ಅವರು ಮೈಕಿನಿಂದ ಮುಖವನ್ನು ತುಸು ಹಿಂದಕ್ಕೆಳೆದುಕೊಳ್ಳುತ್ತಾರೆ, ಮಂದ್ರಕ್ಕಿಳಿದಾಗ ಮತ್ತೆ ಹತ್ತಿರ ಬಾಗುತ್ತಾರೆ. ಆ ಸರಿದಾಟವನ್ನೇ ಕಂಪ್ರೆಸರ್ ತನ್ನ ಸರ್ಕ್ಯೂಟಿನಲ್ಲಿ ಮಾಡುತ್ತದೆ. ದನಿ ಎಷ್ಟು ಗಟ್ಟಿಯಾದಾಗ ಸರಿಯಬೇಕು ಎಂಬುದು ಥ್ರೆಶೋಲ್ಡ್. ಎಷ್ಟು ಸರಿಯಬೇಕು ಎಂಬುದು ರೇಷಿಯೊ: 4:1 ಎಂದಿಟ್ಟರೆ, ಮಿತಿಯನ್ನು 8 ಡೆಸಿಬೆಲ್ ಮೀರಿ ಬಂದ ಪೆಟ್ಟು 2 ಡೆಸಿಬೆಲ್ ಮಾತ್ರ ಮೀರಿ ಹೊರಬೀಳುತ್ತದೆ. ಎಷ್ಟು ಚುರುಕಾಗಿ ಸರಿಯಬೇಕು ಎಂಬುದು ಅಟ್ಯಾಕ್. ಗಟ್ಟಿ ದನಿ ಇಳಿದ ಮೇಲೆ ಎಷ್ಟು ಹೊತ್ತಿನಲ್ಲಿ ಮೊದಲಿನ ಜಾಗಕ್ಕೆ ಮರಳಬೇಕು ಎಂಬುದು ರಿಲೀಸ್. ಕುಗ್ಗಿದ ಒಟ್ಟು ದನಿಯನ್ನು ಕೊನೆಗೆ ಮೇಲೆತ್ತಿ ಕೊಡುವುದು ಮೇಕಪ್ ಗೇನ್.

ಬೇಸ್ ಗಿಟಾರ್ ನುಡಿಸುವವರು ಕಂಪ್ರೆಸರ್ ಕೊಳ್ಳಲು ಹೊರಟಾಗ ಮಾತು ಹೆಚ್ಚಾಗಿ ಸುತ್ತುವುದು ಕಂಪನಿಯ ಹೆಸರಿನ ಸುತ್ತ, ಒಳಗಿರುವ ಸರ್ಕ್ಯೂಟಿನ ಜಾತಿಯ ಸುತ್ತ. ಆಪ್ಟಿಕಲ್ ಒಳ್ಳೆಯದೋ, ಎಫ್‌ಇಟಿ ಒಳ್ಳೆಯದೋ, ವಿಸಿಎ ಆದರೆ ಹೇಗೆ, ವಾಲ್ವ್ ಇದ್ದರೆ ದನಿ ಬೆಚ್ಚಗಿರುತ್ತದಂತೆ ಹೌದೇ? ಈ ಚರ್ಚೆಯಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಬೇಸಿನ ಮಟ್ಟಿಗೆ ಇದು ಎರಡನೆಯ ಪ್ರಶ್ನೆ. ಮೊದಲನೆಯದು ಕಾಲದ ಪ್ರಶ್ನೆ, ಅದರಲ್ಲೂ ರಿಲೀಸಿನ ಪ್ರಶ್ನೆ. ಪೆಟ್ಟಿಗೆಯೊಳಗಿನ ಗಡಿಯಾರ ಬೇಸಿನ ಅಲೆಗೂ ಹಾಡಿನ ಲಯಕ್ಕೂ ಹೊಂದಿದರೆ ಕಾಲಲ್ಲಿ ಒತ್ತುವ ಸಾಧಾರಣ ಪೆಡಲ್ ಕೂಡ ಕೆಲಸ ಮಾಡುತ್ತದೆ. ಹೊಂದದಿದ್ದರೆ ಎಷ್ಟೇ ಹೆಸರಾಂತ ಪೆಟ್ಟಿಗೆಯಾದರೂ ಕೈಗೆ ಬಂದ ನುಡಿಸಾಣಿಕೆಯನ್ನು ಕೆಡಿಸಿಯೇ ತೀರುತ್ತದೆ.

ಇದಕ್ಕೆ ಕಾರಣ ವಾದ್ಯದಲ್ಲೇ ಇದೆ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ದಪ್ಪ ತಂತಿಯನ್ನು, ಅಂದರೆ ಇ ತಂತಿಯನ್ನು, ಬಿಟ್ಟು ಮೀಟಿದರೆ ಹೊರಡುವ ಸ್ವರ ಸೆಕೆಂಡಿಗೆ 41 ಬಾರಿ ಕಂಪಿಸುತ್ತದೆ. ಒಂದು ಕಂಪನ ಮುಗಿಯಲು ಸುಮಾರು 24 ಮಿಲಿಸೆಕೆಂಡ್ ಬೇಕು. ಐದು ತಂತಿಯ ಬೇಸಿನಲ್ಲಿ ಇನ್ನೂ ಕೆಳಗಿರುವ ಬಿ ತಂತಿಗೆ 31 ಕಂಪನ. ಒಂದೊಂದಕ್ಕೂ 32 ಮಿಲಿಸೆಕೆಂಡ್. ಸಾಮಾನ್ಯ ಗಿಟಾರಿನ ಅತಿ ತಗ್ಗಿನ ಸ್ವರಕ್ಕೆ ಇದರ ಅರ್ಧ ಹೊತ್ತು, 12 ಮಿಲಿಸೆಕೆಂಡ್, ಸಾಕು. ಕಂಪ್ರೆಸರಿನ ಕೆಲಸ ದನಿಯ ಏರಿಳಿತವನ್ನು ಹಿಂಬಾಲಿಸುವುದು. ಆದರೆ ಅಲೆಯೂ ಏರಿಳಿಯುವ ವಸ್ತುವೇ. ಒಂದು ಅಲೆಗೆ ಮೇಲೊಂದು ಶಿಖರ, ಕೆಳಗೊಂದು ಶಿಖರ. ಹಾಗಾಗಿ ಇ ತಂತಿಯಲ್ಲಿ 12 ಮಿಲಿಸೆಕೆಂಡಿಗೊಮ್ಮೆ ಶಿಖರ ಬರುತ್ತದೆ, ನಡುವೆ ಕಣಿವೆ. ರಿಲೀಸ್ ತೀರ ಚುರುಕಾಗಿದ್ದರೆ ಕಂಪ್ರೆಸರ್ ಆ ಕಣಿವೆಯನ್ನೇ ‘ದನಿ ತಗ್ಗಿತು’ ಎಂದು ತಿಳಿದು ಕೈ ಬಿಡುತ್ತದೆ, ಮರುಶಿಖರಕ್ಕೆ ಮತ್ತೆ ಅದುಮುತ್ತದೆ. ಅದುಮು, ಬಿಡು, ಅದುಮು, ಬಿಡು. ಸ್ವರವನ್ನು ಸಮಗೊಳಿಸಬೇಕಾದದ್ದು ಸ್ವರದ ಅಲೆಯ ಆಕಾರವನ್ನೇ ತಿದ್ದುತ್ತದೆ. ಕಿವಿಗೆ ಇದು ಸ್ವರದ ಬಾಲದಲ್ಲಿ ಗರಗರ ಎನ್ನುವ ಒರಟುತನವಾಗಿ ಕೇಳುತ್ತದೆ. ಅದೇ ಪೆಡಲನ್ನು ಸಾಮಾನ್ಯ ಗಿಟಾರಿಗೆ ಹಾಕಿದಾಗ ಈ ದೋಷ ಗಮನಕ್ಕೇ ಬಾರದಿರಬಹುದು, ಅಲ್ಲಿ ಅಲೆ ಗಿಡ್ಡ.

ಹಾಗಾದರೆ ರಿಲೀಸನ್ನು ನಿಧಾನ ಮಾಡಿಬಿಟ್ಟರಾಯಿತಲ್ಲ? ಆಗ ಇನ್ನೊಂದು ತುದಿಯಿಂದ ಪೆಟ್ಟು. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತಕ್ಕೆ 500 ಮಿಲಿಸೆಕೆಂಡ್, ಬಡಿತಕ್ಕೆ ಎರಡರಂತೆ ಸ್ವರ ನುಡಿಸಿದರೆ ಒಂದೊಂದಕ್ಕೆ 250. ರಿಲೀಸ್ ಒಂದು ಸೆಕೆಂಡ್ ಇದ್ದರೆ ಮೊದಲ ಸ್ವರಕ್ಕೆ ತಗ್ಗಿದ ಕಂಪ್ರೆಸರ್ ಎರಡನೆಯದು, ಮೂರನೆಯದು, ನಾಲ್ಕನೆಯದು ಬಂದರೂ ಇನ್ನೂ ತಗ್ಗಿಯೇ ಇರುತ್ತದೆ. ಸಾಲಿನ ಮೊದಲ ಸ್ವರ ಮಾತ್ರ ಎದ್ದು ನಿಂತು, ಹಿಂದಿನವು ಅದರ ನೆರಳಲ್ಲಿ ಉಳಿಯುತ್ತವೆ. ಆದ್ದರಿಂದ ಬೇಸಿಗೆ ಸಿಗುವುದು ಒಂದು ಇಕ್ಕಟ್ಟಾದ ಕಿಟಕಿ: ಅಲೆಯ ಉದ್ದಕ್ಕಿಂತ ಹಲವು ಪಟ್ಟು ದೊಡ್ಡದಾಗಿ, ಎರಡು ಸ್ವರಗಳ ನಡುವಿನ ಅಂತರಕ್ಕಿಂತ ಚಿಕ್ಕದಾಗಿ. 120ರ ನಡೆಯಲ್ಲಿ ಈ ಕಿಟಕಿ ಹೆಚ್ಚುಕಡಿಮೆ 100ರಿಂದ 250 ಮಿಲಿಸೆಕೆಂಡಿನದು. ನಿಮಿಷಕ್ಕೆ 70 ಬಡಿತದ ವಿಳಂಬದ ಹಾಡಿನಲ್ಲಿ, ಬಡಿತಕ್ಕೊಂದೇ ಸ್ವರವಾದರೆ, 850ರವರೆಗೂ ತೆರೆದುಕೊಳ್ಳುತ್ತದೆ. ಸಾಮಾನ್ಯ ಗಿಟಾರಿನವರಿಗೆ, ಗಾಯಕರಿಗೆ ಈ ಕಿಟಕಿಯ ಕೆಳ ಅಂಚು ಅಷ್ಟು ಕಾಡುವುದಿಲ್ಲ. ಬೇಸಿನವರಿಗೆ ಎರಡೂ ಅಂಚು ತಾಗುತ್ತವೆ.

ಇಷ್ಟು ಕಷ್ಟವಿದ್ದರೆ ಕಂಪ್ರೆಸರ್ ಬೇಕಾದರೂ ಏಕೆ? ಇದಕ್ಕೆ ಉತ್ತರ ನಮ್ಮ ಕಿವಿಯಲ್ಲಿದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಸಮ-ಗಟ್ಟಿತನದ ರೇಖೆಗಳು ಎರಡು ಸಂಗತಿ ತೋರಿಸಿದವು. ತಗ್ಗು ಸ್ವರಗಳನ್ನು ಕೇಳಲು ಕಿವಿಗೆ ಹೆಚ್ಚು ಬಲ ಬೇಕು ಎಂಬುದು ಒಂದು. ಇದು ಎಲ್ಲರಿಗೂ ಗೊತ್ತು. ಇನ್ನೊಂದು ಅಷ್ಟು ಪ್ರಚಾರಕ್ಕೆ ಬಂದಿಲ್ಲ: ತಗ್ಗು ಸ್ವರಗಳ ಕಡೆಗೆ ಹೋದಂತೆ ಆ ರೇಖೆಗಳು ಒಂದಕ್ಕೊಂದು ಒತ್ತೊತ್ತಾಗುತ್ತವೆ. ಅಂದರೆ ಮಧ್ಯಮ ಸ್ವರದಲ್ಲಿ ಕೆಲವು ಡೆಸಿಬೆಲ್ ಹೆಚ್ಚುಕಡಿಮೆಯಾದರೆ ಕಿವಿ ಸಹಿಸಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ ತಗ್ಗು ಸ್ವರದಲ್ಲಾದರೆ ದೊಡ್ಡ ಏರಿಳಿತವಾಗಿ ಕೇಳುತ್ತದೆ. ಕೊಳಲಿನವರ ಒಂದು ಸ್ವರ ತುಸು ಮೆತ್ತಗಾದರೆ ಅದು ಭಾವವೆನಿಸಿಕೊಳ್ಳಬಹುದು; ಬೇಸಿನ ಒಂದು ಸ್ವರ ಅಷ್ಟೇ ಮೆತ್ತಗಾದರೆ ಹಾಡಿನ ನೆಲವೇ ಕುಸಿದಂತಾಗುತ್ತದೆ. ಧ್ವನಿಮುದ್ರಣದಲ್ಲಿ ಬೇರೆ ಯಾವ ವಾದ್ಯಕ್ಕೆ ಬಿಟ್ಟರೂ ಬೇಸಿಗೆ ಕಂಪ್ರೆಸರ್ ತಪ್ಪುವುದು ಅಪರೂಪ ಎಂಬುದರ ಹಿಂದಿನ ಕಾರಣ ಇದು. ಇಳಯರಾಜ ಸಂಗೀತ ನೀಡಿದ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಕೇಳಿ ಬೆಳೆದ ಕನ್ನಡಿಗರಿಗೆ ಬೇಸ್ ಗಿಟಾರ್ ಹಾಡಿನೊಳಗೇ ಇನ್ನೊಂದು ಹಾಡು ಹೇಳಬಲ್ಲದು ಎಂದು ವಿವರಿಸಬೇಕಿಲ್ಲ. ಆ ಒಳಹಾಡು ಒಂದೊಂದು ಸ್ವರವೂ ಮುಳುಗದೆ ಕೇಳಿಸಿದರಷ್ಟೇ ಹಾಡು.

ಹಳೆಯ ಸ್ಟುಡಿಯೊ ಪೆಟ್ಟಿಗೆಗಳ ಚರಿತ್ರೆಯನ್ನು ಈ ಕಿಟಕಿಯ ಮೂಲಕ ನೋಡಿದರೆ ಹಲವು ಒಗಟು ಬಿಡುತ್ತವೆ. ಬೇಸಿನ ಮೇಲೆ ಅತಿ ಹೆಚ್ಚು ಹೊಗಳಿಸಿಕೊಂಡದ್ದು 1960ರ ದಶಕದ ಟೆಲಿಟ್ರಾನಿಕ್ಸ್ ಎಲ್‌ಎ-2ಎ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಜಿಮ್ ಲಾರೆನ್ಸ್ ರೂಪಿಸಿದ ಇದರಲ್ಲಿ ಮುಖ್ಯ ನಾಬ್‌ಗಳು ಎರಡೇ. ಅಟ್ಯಾಕ್ ಇಲ್ಲ, ರಿಲೀಸ್ ಇಲ್ಲ. ಒಳಗೆ ದನಿಯ ಬಲಕ್ಕೆ ತಕ್ಕಂತೆ ಬೆಳಗುವ ಒಂದು ಫಲಕ, ಅದರ ಬೆಳಕಿಗೆ ತನ್ನ ವಿದ್ಯುತ್ ತಡೆಯನ್ನು ಬದಲಿಸುವ ಇನ್ನೊಂದು ಭಾಗ. ಅಟ್ಯಾಕ್ ಸರಾಸರಿ 10 ಮಿಲಿಸೆಕೆಂಡ್. ಸ್ವಾರಸ್ಯ ಇರುವುದು ಮರಳುವ ದಾರಿಯಲ್ಲಿ: ಅರ್ಧ ದೂರ ಸುಮಾರು 60 ಮಿಲಿಸೆಕೆಂಡಿನಲ್ಲಿ ಮರಳುತ್ತದೆ, ಉಳಿದರ್ಧಕ್ಕೆ ಕೆಲವೊಮ್ಮೆ ಹಲವು ಸೆಕೆಂಡ್ ತೆಗೆದುಕೊಳ್ಳುತ್ತದೆ. ಎಷ್ಟು ಹೊತ್ತು ಎಷ್ಟು ಗಟ್ಟಿಯಾಗಿ ನುಡಿಸಿದಿರಿ ಎಂಬುದನ್ನು ಆ ಬೆಳಕಿನ ಭಾಗ ನೆನಪಿಟ್ಟುಕೊಂಡಂತೆ ವರ್ತಿಸುತ್ತದೆ. ಬೇಸಿನ ಇಕ್ಕಟ್ಟಿಗೆ ಇದಕ್ಕಿಂತ ಜಾಣ ಉತ್ತರ ಕಷ್ಟ: ಮುಂದಿನ ಸ್ವರಕ್ಕೆ ಜಾಗ ಮಾಡಿಕೊಡಲು ಅರ್ಧ ಚುರುಕು, ಅಲೆಯ ಕಣಿವೆಗಳಿಗೆ ಮೋಸ ಹೋಗದಿರಲು ಅರ್ಧ ನಿಧಾನ. ಅದರ ಸಮಕಾಲೀನ, ಬಿಲ್ ಪಟ್ನಮ್ ಅವರ 1176, ತದ್ವಿರುದ್ಧ ಸ್ವಭಾವದ್ದು. ಅಟ್ಯಾಕ್ 20ರಿಂದ 800 ಮೈಕ್ರೊಸೆಕೆಂಡ್, ಅಂದರೆ ಅತಿ ನಿಧಾನವೆಂದರೂ ಒಂದು ಮಿಲಿಸೆಕೆಂಡಿನೊಳಗೆ. ರಿಲೀಸ್ 50ರಿಂದ 1100 ಮಿಲಿಸೆಕೆಂಡ್. ಇದು ಇ ತಂತಿಯ ಮೊದಲ ಅಲೆ ಅರ್ಧ ಏಳುವ ಮುಂಚೆಯೇ ಅದನ್ನು ಹಿಡಿಯುತ್ತದೆ. ನಾನು ಮೇಲೆ ದೋಷ ಎಂದ ಒರಟುತನ ಇದರಲ್ಲಿ ಬಂದೇ ಬರುತ್ತದೆ, ಮತ್ತು ರಾಕ್ ಸಂಗೀತದ ಎಂಜಿನಿಯರುಗಳು ಇದನ್ನು ಮೆಚ್ಚಿದ್ದು ಅದಕ್ಕಾಗಿಯೇ.

ಇದು ನನ್ನ ವಾದಕ್ಕೆ ವಿರೋಧವಲ್ಲವೇ ಎಂದು ಕೇಳಬಹುದು. ಅಲ್ಲ ಎನ್ನುತ್ತೇನೆ: ಆ ಒರಟುತನವೂ ಗಡಿಯಾರದ್ದೇ ಫಲ, ಅದಕ್ಕೂ ಒಂದು ಉಪಯೋಗವಿದೆ. ತಂಬೂರಿಯ ಮಂದ್ರ ತಂತಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರ ಸ್ವಯಂಭೂ ಸ್ವರವಾಗಿ ಕೇಳುವುದು ನಮಗೆ ಗೊತ್ತು. ಅಲೆಯ ಆಕಾರ ಒರಟಾದಷ್ಟೂ ಮೂಲ ಸ್ವರದ ಮೇಲಿನ ಇಂಥ ಸ್ವರಗಳು ಹೆಚ್ಚುತ್ತವೆ. 41 ಹರ್ಟ್ಜ್ ಸ್ವರವನ್ನು ಮೊಬೈಲಿನ ಸ್ಪೀಕರ್ ಹೊರಡಿಸಲಾರದು. ಅದರ ಮೇಲಿನ 82, 123, 164 ಇತ್ಯಾದಿಗಳಲ್ಲಿ ಸಿಕ್ಕಷ್ಟನ್ನು ಕೇಳಿ ಮೆದುಳು ಮೂಲ ಸ್ವರವನ್ನು ಊಹಿಸಿಕೊಳ್ಳುತ್ತದೆ. ಹಾಗಾಗಿ ತುಸು ಒರಟು ಬೇಸ್ ಸಣ್ಣ ಸ್ಪೀಕರಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ಎರಡು ಪೆಟ್ಟಿಗೆಗಳ ನಡುವೆ ಕೇಳಿಬರುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಈ ಗಡಿಯಾರಗಳದ್ದೇ. ಬಹಳ ಎಂಜಿನಿಯರುಗಳು ಮೊದಲು 1176, ಆಮೇಲೆ ಎಲ್‌ಎ-2ಎ ಎಂದು ಎರಡನ್ನೂ ಸಾಲಾಗಿ ಬಳಸುವುದು ಇದೇ ಲೆಕ್ಕದ ಮೇಲೆ: ಚುರುಕಾದದ್ದು ಶಿಖರಗಳನ್ನು ಕತ್ತರಿಸಲಿ, ನಿಧಾನದ್ದು ಒಟ್ಟು ಮಟ್ಟವನ್ನು ಸಮ ಮಾಡಲಿ. ಡೇವಿಡ್ ಬ್ಲ್ಯಾಕ್‌ಮರ್ ಅವರ ಡಿಬಿಎಕ್ಸ್ 160 ಕೂಡ, 1970ರ ದಶಕದ್ದು, ಕಾಲದ ನಾಬ್‌ಗಳಿಲ್ಲದ ಪೆಟ್ಟಿಗೆ. ಶಿಖರಗಳ ಬದಲು ದನಿಯ ಸರಾಸರಿ ಬಲವನ್ನು ಅಳೆದು ತನ್ನ ಕಾಲವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ನಾಬ್ ಕಾಣದಿದ್ದರೂ ಗಡಿಯಾರ ಒಳಗಿದ್ದೇ ಇದೆ. ಅದನ್ನು ತಯಾರಕರು ನಿಮ್ಮ ಪರವಾಗಿ ಇಟ್ಟುಕೊಟ್ಟಿದ್ದಾರೆ, ಅಷ್ಟೆ.

ಇಂದಿನ ಪೆಡಲ್‌ಗಳ ಮೇಲಿನ ಬರಹವನ್ನು ಓದುವಾಗ ಇದನ್ನು ಮರೆಯಬಾರದು. ‘ಆಪ್ಟಿಕಲ್’ ಎಂದು ಬರೆದ ಮಾತ್ರಕ್ಕೆ ಒಳಗೆ ಎಲ್‌ಎ-2ಎಯ ನಡೆ ಇರಬೇಕಿಲ್ಲ. ಎಲ್‌ಇಡಿ ದೀಪ ಆರಿ ಹತ್ತುವ ರೀತಿ ಬೇರೆ, ಆ ಹಳೆಯ ಫಲಕದ ರೀತಿ ಬೇರೆ. ಸಾಮಾನ್ಯ ಗಿಟಾರಿಗೆಂದು ಮಾಡಿದ ಎರಡು ನಾಬ್‌ಗಳ ಪೆಡಲ್‌ಗಳು, ಎಮ್‌ಎಕ್ಸ್‌ಆರ್ ಡೈನಾ ಕಾಂಪ್‌ನಂಥವು, ತಮ್ಮ ವಾದ್ಯಕ್ಕೆ ಒಪ್ಪುವ ಕಾಲವನ್ನು ಒಳಗೇ ಕಟ್ಟಿಕೊಂಡಿರುತ್ತವೆ. ಬೇಸಿನಲ್ಲಿ ಅವು ಮೀಟಿನ ಮೊನೆಯನ್ನು ಮೊಂಡು ಮಾಡಿದರೆ ಅದು ಪೆಡಲಿನ ತಪ್ಪಲ್ಲ. ಅದೇ ಎಮ್‌ಎಕ್ಸ್‌ಆರ್ ಕಂಪನಿಯ ಬೇಸ್ ಕಂಪ್ರೆಸರಿನಲ್ಲಿ ಅಟ್ಯಾಕ್, ರಿಲೀಸ್, ರೇಷಿಯೊಗಳಿಗೆ ಬೇರೆ ಬೇರೆ ನಾಬ್ ಇದ್ದು, ಎಷ್ಟು ಅದುಮಲಾಗುತ್ತಿದೆ ಎಂದು ತೋರಿಸುವ ಹತ್ತು ದೀಪಗಳ ಸಾಲೂ ಇದೆ. ಎರಡರ ಹಣೆಯ ಮೇಲೂ ಒಂದೇ ಕಂಪನಿಯ ಹೆಸರು. ಕೆಲಸ ಪೂರಾ ಬೇರೆ. ಕಾಲದ ಜೊತೆಗೆ ನೋಡಬೇಕಾದ ಇನ್ನೊಂದು ಅಂಶವಿದೆ. ತಗ್ಗು ಸ್ವರಗಳಲ್ಲಿ ಶಕ್ತಿ ಹೆಚ್ಚು, ಆದ್ದರಿಂದ ಕಂಪ್ರೆಸರ್ ಇ ತಂತಿಗೆ ಬೆಚ್ಚಿಬಿದ್ದಷ್ಟು ತೆಳು ಜಿ ತಂತಿಗೆ ಬೀಳುವುದಿಲ್ಲ. ಇ ತಂತಿ ಮೀಟಿದಾಗಲೆಲ್ಲ ಮೇಲಿನ ಹೊಳಪೂ ಅದರ ಜೊತೆಗೇ ಅಡಗಿಹೋಗುತ್ತದೆ. ಒರಿಜಿನ್ ಎಫೆಕ್ಟ್ಸ್‌ನವರ ಕ್ಯಾಲಿ76ರ ಬೇಸ್ ಆವೃತ್ತಿಯಂಥ ಪೆಡಲ್‌ಗಳು ದನಿಯನ್ನು ಅಳೆಯುವ ದಾರಿಯಲ್ಲಿ ಮಾತ್ರ ತಗ್ಗನ್ನು ಸೋಸಿ, ಕೇಳುವ ದಾರಿಯಲ್ಲಿ ಹಾಗೇ ಬಿಡುತ್ತವೆ. ಬಾಸ್ ಕಂಪನಿಯ ಬಿಸಿ-1ಎಕ್ಸ್‌ನಂಥವು ದನಿಯನ್ನು ತಗ್ಗು, ಎತ್ತರ ಎಂದು ಪಟ್ಟಿಗಳಾಗಿ ಸೀಳಿ ಒಂದೊಂದನ್ನೂ ಬೇರೆಯಾಗಿ ಅದುಮುತ್ತವೆ. ಬೆರಳಿನಲ್ಲೂ ಸ್ಲ್ಯಾಪ್‌ನಲ್ಲೂ (ಹೆಬ್ಬೆರಳಿನಿಂದ ತಂತಿಗೆ ಬಡಿದು) ಒಂದೇ ಹಾಡಿನಲ್ಲಿ ನುಡಿಸುವವರಿಗೆ ಎರಡನೆಯದು ಅನುಕೂಲ. ಉಳಿದವರಿಗೆ ಮೊದಲನೆಯದು ಸಾಕು ಎಂಬುದು ನನ್ನ ಎಣಿಕೆ. ಪಟ್ಟಿಗಳಾಗಿ ಸೀಳಿದಾಗ ಮೀಟಿನ ಬಲದ ಜೊತೆ ದನಿಯ ಬಣ್ಣವೂ ಬದಲಾಗುತ್ತ ಹೋಗುತ್ತದೆ.

ಒಳ್ಳೆಯ ಕೈ ಇದ್ದರೆ ಕಂಪ್ರೆಸರ್ ಬೇಡ ಎನ್ನುವವರಿದ್ದಾರೆ. ಅವರು ಕೊಡುವ ಉದಾಹರಣೆ ಡೆಟ್ರಾಯ್ಟ್‌ನ ಮೋಟೌನ್ ಸಂಸ್ಥೆಯ ಜೇಮ್ಸ್ ಜೇಮರ್ಸನ್, ಮತ್ತು ಅದು ಗಟ್ಟಿ ಉದಾಹರಣೆ. 1962ರ ಫೆಂಡರ್ ಪ್ರಿಸಿಷನ್ ಬೇಸ್, ಹೊರಮೈ ಚಪ್ಪಟೆಯಾದ ದಪ್ಪ ತಂತಿಗಳು, ಸೇತುವೆಯ ಮುಚ್ಚಳದಡಿ ತಂತಿಗೆ ಒತ್ತಿಕೊಂಡ ಸ್ಪಂಜು, ಬಲಗೈಯ ತೋರುಬೆರಳು ಒಂದೇ. ಸ್ಪಂಜು ಸ್ವರದ ಬಾಲವನ್ನು ಮೊಟಕು ಮಾಡುತ್ತದೆ, ಚಪ್ಪಟೆ ತಂತಿ ಮೀಟಿನ ಚೂಪನ್ನು ಕಳೆಯುತ್ತದೆ, ಒಂದೇ ಬೆರಳು ಪ್ರತಿ ಮೀಟನ್ನೂ ಒಂದೇ ಅಳತೆಗೆ ತರುತ್ತದೆ. ಅಟ್ಯಾಕ್, ರಿಲೀಸ್, ರೇಷಿಯೊ ಮೂರನ್ನೂ ಅವರು ವಾದ್ಯದಲ್ಲೇ ಕಟ್ಟಿಕೊಂಡಿದ್ದರು. ಹಣ ಕೊಡುವ ಮೊದಲು ಸೇತುವೆಯ ಬಳಿ ಒಂದು ತುಂಡು ಸ್ಪಂಜು ಸಿಕ್ಕಿಸಿ ನೋಡಿ ಎಂದು ಯಾರಾದರೂ ಹೇಳಿದರೆ ಅದು ತಮಾಷೆಯಲ್ಲ. ಆದರೆ ಈ ವಾದ ಮುಟ್ಟದ ಜಾಗಗಳಿವೆ. ಜೇಮರ್ಸನ್ ಅವರ ಉಪಾಯ ಗಿಡ್ಡ ಸ್ವರಗಳ ಸಂಗೀತಕ್ಕೆ ಹೊಂದುತ್ತದೆ, ಉದ್ದಕ್ಕೆ ನಿಲ್ಲುವ ಸ್ವರ ಬೇಕಾದಲ್ಲಿ ಸ್ಪಂಜು ಅಡ್ಡಿ. ಇನ್ನು ಫೆಂಡರ್ ಮಾದರಿಯ ಬಹಳ ಬೇಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೆಯ ಫ್ರೆಟ್ಟಿನ ಆಸುಪಾಸು ಒಂದು ಸತ್ತ ಜಾಗವಿರುತ್ತದೆ; ಅಲ್ಲಿ ತಂತಿಯ ಶಕ್ತಿಯನ್ನು ವಾದ್ಯದ ಕತ್ತೇ ಹೀರಿಕೊಂಡು ಸ್ವರ ಬೇಗ ಆರುತ್ತದೆ. ಅದು ಮರದ ಗುಣ, ಯಾವ ಸಾಧನೆಯಿಂದಲೂ ಹೋಗದು.

ಇದಕ್ಕಿಂತ ಬಲವಾದ ಆಕ್ಷೇಪ ಸೌಂಡ್ ಎಂಜಿನಿಯರುಗಳದ್ದು. ಇಂದಿನ ಡಿಜಿಟಲ್ ಮಿಕ್ಸರುಗಳಲ್ಲಿ, 2012ರಲ್ಲಿ ಬಂದ ಬೆಹ್ರಿಂಗರ್ ಎಕ್ಸ್32 ಮೊದಲ್ಗೊಂಡು, ಪ್ರತಿ ಚಾನೆಲ್ಲಿಗೂ ಪೂರ್ಣ ಕಂಪ್ರೆಸರ್ ಇದೆ. ಸಭೆಯ ನಡುವೆ ಕುಳಿತು ಕೇಳುವವರು ಎಂಜಿನಿಯರುಗಳು, ವೇದಿಕೆಯ ಮೇಲೆ ನಿಂತವರಲ್ಲ; ಹಾಗಾಗಿ ಅದುಮುವ ಕೆಲಸ ತಮಗೇ ಬಿಡಿ ಎನ್ನುತ್ತಾರೆ. ಇದನ್ನು ಬಹುಪಾಲು ಒಪ್ಪಲೇಬೇಕು. ಗಣೇಶೋತ್ಸವದ, ರಾಜ್ಯೋತ್ಸವದ ರಸಮಂಜರಿ ವೇದಿಕೆಗಳಲ್ಲಿ ನುಡಿಸುವವರಿಗೆ ಇನ್ನೊಂದು ಎಚ್ಚರಿಕೆಯೂ ಬೇಕು. ಮೇಕಪ್ ಗೇನ್ ಮೆತ್ತನೆಯ ದನಿಯನ್ನು ಎತ್ತುವಾಗ ಸ್ವರಕ್ಕೂ ಗೊಣಗಿಗೂ ಭೇದ ಮಾಡುವುದಿಲ್ಲ. ನಮ್ಮ ಕರೆಂಟಿನ 50 ಹರ್ಟ್ಜ್ ಗುಂಯ್‌ಗುಡುವಿಕೆ ಬೀಳುವುದು ಬೇಸಿನ ಅಂಗಳದಲ್ಲೇ, ಎ ತಂತಿಯ 55ರ ಮಗ್ಗುಲಲ್ಲಿ. ಅರ್ಥಿಂಗ್ ಸರಿಯಿಲ್ಲದ ವೇದಿಕೆಯಲ್ಲಿ, ಈ ಗುಂಯ್ ಅನ್ನು ಸುಲಭವಾಗಿ ಹಿಡಿಯುವ ಸಿಂಗಲ್ ಕಾಯಿಲ್ ಪಿಕಪ್‌ನ ಬೇಸಿಗೆ 10 ಡೆಸಿಬೆಲ್ ಮೇಕಪ್ ಕೊಟ್ಟರೆ, ಹಾಡುಗಳ ನಡುವಿನ ಮೌನದಲ್ಲಿ ಗುಂಯ್ ಎನ್ನುವುದೂ 10 ಡೆಸಿಬೆಲ್ ಏರುತ್ತದೆ. ಫೀಡ್‌ಬ್ಯಾಕಿನ ಅಪಾಯವೂ ಅಷ್ಟೇ ಏರುತ್ತದೆ. ಆದರೂ ಮಿಕ್ಸರಿನ ಕಂಪ್ರೆಸರ್ ಪೆಡಲಿನ ಎಲ್ಲ ಕೆಲಸ ಮಾಡದು. ಮಿಕ್ಸರ್ ಅದುಮಿದ ದನಿ ಸಭೆಗೆ ಹೋಗುತ್ತದೆ, ನಿಮ್ಮ ಬೆನ್ನ ಹಿಂದಿನ ಆಂಪ್ಲಿಫೈಯರಿಗಲ್ಲ. ಬೆರಳು ಉತ್ತರ ಕೊಡುವುದು ಕಿವಿ ಕೇಳಿದ್ದಕ್ಕೆ. ಅನಲಾಗ್ ಮಿಕ್ಸರ್ ಇರುವ ಸಣ್ಣ ಸಭಾಂಗಣಗಳಲ್ಲಂತೂ ಆ ಸೌಕರ್ಯ ಇರುವುದೇ ಅನುಮಾನ. ಸದಾ ಒಬ್ಬರೇ ನುರಿತ ಎಂಜಿನಿಯರಿನ ಜೊತೆ ಕೆಲಸ ಮಾಡುವವರು ಪೆಡಲಿನ ದುಡ್ಡನ್ನು ಉಳಿಸಿಕೊಳ್ಳಬಹುದು.

ಸಂಗೀತದಲ್ಲಿ ಮಿಲಿಸೆಕೆಂಡುಗಳ ಲೆಕ್ಕವೇಕೆ, ಕಿವಿಗೆ ಹಿತವಾದದ್ದನ್ನು ಕೊಂಡರಾಯಿತು ಎನ್ನುವುದು ಕೊನೆಯ ಆಕ್ಷೇಪ. ಲೆಕ್ಕಕ್ಕೆ ಮಿತಿ ಇರುವುದು ನಿಜ. ರಿಲೀಸನ್ನು ಒಬ್ಬ ತಯಾರಕ ಅಳೆಯುವ ಬಗೆ ಒಂದು, ಇನ್ನೊಬ್ಬನದು ಇನ್ನೊಂದು; ಒಬ್ಬರ 100 ಮಿಲಿಸೆಕೆಂಡ್ ಇನ್ನೊಬ್ಬರ 100 ಅಲ್ಲ. ಅಂಕಿ ದಿಕ್ಕು ತೋರಿಸೀತು, ತೀರ್ಪು ಕಿವಿಯದ್ದೇ. ಆದರೆ ಅಂಗಡಿಯಲ್ಲಿ ಕಿವಿಗೆ ಸುಲಭದ ಮೋಸವೊಂದು ಕಾದಿರುತ್ತದೆ. ಒಂದೇ ದನಿಯನ್ನು ತುಸು ಗಟ್ಟಿಯಾಗಿ ಕೇಳಿಸಿದರೆ ಅದೇ ಉತ್ತಮ ಎನಿಸುತ್ತದೆ. ಪೆಡಲ್ ಒತ್ತಿದೊಡನೆ ‘ಆಹಾ’ ಅನಿಸಿದರೆ ಅದರಲ್ಲಿ ಕಂಪ್ರೆಶನ್ ಎಷ್ಟು, ಬರೀ ಮೇಕಪ್ ಗೇನ್ ಎಷ್ಟು ಎಂದು ಕೇಳಿಕೊಳ್ಳಬೇಕು. ಪೆಡಲ್ ಒತ್ತಿದಾಗಲೂ ಬಿಟ್ಟಾಗಲೂ ದನಿ ಒಂದೇ ಮಟ್ಟದಲ್ಲಿರುವಂತೆ ಹೊಂದಿಸಿಕೊಂಡ ಮೇಲಷ್ಟೇ ಕಿವಿಯ ಮಾತು ನಂಬಲು ಯೋಗ್ಯ. ಅದುಮುವಿಕೆಯನ್ನು ಡೆಸಿಬೆಲ್ಲಿನಲ್ಲಿ ತೋರಿಸುವ ಮೀಟರನ್ನು ನಾನು ಐಷಾರಾಮ ಎನ್ನದಿರುವುದೂ ಇದಕ್ಕೇ. 3 ಡೆಸಿಬೆಲ್ ಅದುಮುವಿಕೆಯನ್ನು ಹೊಸಬರ ಕಿವಿ ಗುರುತಿಸಲಾರದು. ಗುರುತಿಸಲಾಗದವರು ಗುರುತು ಸಿಗುವವರೆಗೂ ನಾಬ್ ತಿರುಗಿಸುತ್ತಾರೆ, ಆ ಹೊತ್ತಿಗೆ 12 ಡೆಸಿಬೆಲ್ ಆಗಿ ನುಡಿಸಾಣಿಕೆಯ ಜೀವ ಹೋಗಿರುತ್ತದೆ.

ದುಡ್ಡು ಬಿಚ್ಚುವ ಮೊದಲು ಕಾಸಿಲ್ಲದೆ ಕಲಿಯುವ ದಾರಿಯೂ ಇದೆ. ರೀಪರ್ ತಂತ್ರಾಂಶದ ರಿಯಾಕಾಂಪ್ ಎಂಬ ಕಂಪ್ರೆಸರ್ ವಿಂಡೋಸ್ ಕಂಪ್ಯೂಟರುಗಳಿಗೆ ಪ್ರತ್ಯೇಕವಾಗಿ, ಉಚಿತವಾಗಿ ಸಿಗುತ್ತದೆ. ಅದರಲ್ಲಿ ಅಟ್ಯಾಕ್, ರಿಲೀಸ್, ಅಳೆಯುವ ದಾರಿಯ ಸೋಸುಗ, ಮೂಲ ದನಿಯನ್ನು ಬೆರೆಸುವ ಸೌಲಭ್ಯ ಎಲ್ಲವೂ ಇವೆ. ನಿಮ್ಮದೇ ನುಡಿಸಾಣಿಕೆಯ ಎರಡು ನಿಮಿಷ ಮುದ್ರಿಸಿಕೊಂಡು, ಥ್ರೆಶೋಲ್ಡನ್ನು ಬೇಕೆಂದೇ ಪಾತಾಳಕ್ಕಿಳಿಸಿ, ರಿಲೀಸನ್ನು ಮಾತ್ರ ಮೇಲೆ ಕೆಳಗೆ ಮಾಡಿ ಕೇಳಿ. ಗರಗರ ಎಲ್ಲಿ ಶುರು, ಎರಡನೆಯ ಸ್ವರ ಎಲ್ಲಿ ಮುಳುಗಿತು ಎಂಬ ಎರಡು ಅಂಚು ಸಿಕ್ಕರೆ ನಿಮ್ಮ ಕಿಟಕಿ ಸಿಕ್ಕಿತು. ಆಮೇಲೆ ಅಂಗಡಿಯಲ್ಲಿ ಕೇಳಬೇಕಾದದ್ದು ಒಂದೇ: ಈ ಪೆಡಲಿನ ಗಡಿಯಾರ ಆ ಕಿಟಕಿಯೊಳಗೆ ಬರುತ್ತದೆಯೇ? ಇ ತಂತಿಯನ್ನು ಬಿಟ್ಟು ಮೀಟಿ ಬಾಲದವರೆಗೂ ಕೇಳಿ. ಬಡಿತಕ್ಕೆ ಎರಡರಂತೆ ಎಂಟು ಸ್ವರ ನುಡಿಸಿ ನಡುನಡುವೆ ಮೀಟರ್ ಕೆಳಗಿಳಿಯುತ್ತದೆಯೇ ನೋಡಿ. ಮತ್ತು ಹೋಗುವಾಗ ನಿಮ್ಮ ಬೇಸನ್ನೇ ಒಯ್ಯಿರಿ. ಅಂಗಡಿಯ ಗೋಡೆಗೆ ತೂಗುಹಾಕಿದ ಬೇಸಿಗೆ ಹೊಸ ತಂತಿ ಇರುತ್ತದೆ, ನಿಮ್ಮದಕ್ಕೆ ಇರಲಿಕ್ಕಿಲ್ಲ.